ಒಡಪಿನ ಕೊನೆಯ ಪದ

ನವೆಂಬರ್ ೩, ಸೋಮವಾರ

ವೇದಿಕೆಯನ್ನು ಅಲಂಕರಿಸಿರುವ ಮಾನ್ಯ ಫ್ರಿಜ್ಜಿನವರೇ, ಎಡಬದಿಗೆ ಆಸೀನರಾಗಿರುವ ಹಿರಿಯರಾದ ಮಿಕ್ಸರ್ ಅವರೇ, ಗೋಡೆಯ ಮೇಲಿಂದ ಎಲ್ಲವನ್ನೂ ನೋಡಿಯೂ ಯಾರಿಗೂ ಹೇಳದ ಹಲ್ಲಿಯವರೇ, ಹಾಗೂ ಇಲ್ಲಿ ಬೋರಲು ಮಲಗಿರುವ ಸಮಸ್ತ ಭಾಂಡೆಗಳೇ! ನಿನ್ನೆ ಶಿರಗುಪ್ಪಿಯಲ್ಲಿ ನಡೆದದ್ದರ ಬಗ್ಗೆ ನೆಂಟರಲ್ಲಿ ಇಲ್ಲಸಲ್ಲದ ಮಾತು ಹಬ್ಬಿರುವುದರಿಂದ, ಅಧಿಕೃತ ಹೇಳಿಕೆ ನೀಡುವುದು ನನ್ನ ಕರ್ತವ್ಯವೆಂದು ಭಾವಿಸಿ ನಾಲ್ಕು ಮಾತು. ಚಪ್ಪಾಳೆ ಆಮೇಲೆ.

ನಾನು ದಾಕ್ಷಾಯಿಣಿ. ವಯಸ್ಸು ನಲವತ್ತಾರು, ಪದವಿ ಬಿ.ಎ., ಮಾಧ್ಯಮ ಕನ್ನಡ. ದುರ್ಗದ ಬೈಲಿನ ಹತ್ತಿರ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ಅಕ್ಷರ ಜೋಡಿಸುವುದು, ತಪ್ಪು ತಿದ್ದುವುದು ನನ್ನ ಕೆಲಸ. ಆದರೆ ಮಂದಿಗೆ ನಾನು ಗೊತ್ತಿರುವುದು ಒಡಪಿನಿಂದ. ಗಂಡನ ಹೆಸರನ್ನು ಹಾಗೆಯೇ ಬಾಯಿಬಿಟ್ಟು ಹೇಳಬಾರದು. ಹೇಳಲೇಬೇಕಾಗಿ ಬಂದರೆ ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಹೆಸರು ಕೂರಿಸಬೇಕು. ಅದು ಒಡಪು. ಮದುವೆಯಾಗಲಿ, ಬಸುರಿಯ ಕುಬಸವಾಗಲಿ, ಮುತ್ತೈದೆಯರು ದಾರಿಗೆ ಅಡ್ಡ ನಿಂತು ಹೆಸರು ಕೇಳದೆ ಬಿಡುವುದಿಲ್ಲ. ಪತ್ರಿಕೆ ತಿದ್ದಿಸಲು ಬಂದ ಮದುಮಗಳಂದಿರು ನನ್ನಿಂದ ಒಡಪನ್ನೂ ಬರೆಸಿಕೊಂಡು ಹೋಗುತ್ತಾರೆ. ಇನ್ನು ನನ್ನ ಮನೆಯವರ ಹೆಸರಿಗೆ ನಾನು ಕಟ್ಟಿದ ಒಡಪನ್ನು ಎರಡನೇ ಸಲ ಹೇಳಿದವಳಲ್ಲ. ಹೇಳಿದಾಗಲೆಲ್ಲ ಹೊಸದು, ಹುಳಿಯಾಗದ ಮೊಸರಿನಂಥದ್ದು.

ನಿನ್ನೆ ಮನೆಯವರ ಅಕ್ಕ ಗೌರಕ್ಕನ ಮಗಳು ಉಮಾಶ್ರೀಯ ಕುಬಸ. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ, ಹೂವಿನ ದಂಡೆ ಕಟ್ಟಿ ಕೂರಿಸಿದ್ದರು. ಆರತಿಗೆ ಮೊದಲು ಎಲ್ಲರೂ ಹೆಸರು ಹೇಳಬೇಕು. ನನ್ನ ಸರದಿ ಬಂದಾಗ ಮಂದಿಯೆಲ್ಲ ಮಾತು ನಿಲ್ಲಿಸಿದರು; ಅಷ್ಟು ಹೆಸರು ನನಗಿದೆ. ಹೇಳಿದೆ:

ಹಸರ ಬಳಿ ತೊಡಿಸೇವಿ, ಹೂವಿನ ದಂಡಿ ಕಟ್ಟೇವಿ,
ಹೆಸರ ಹೇಳಾಕ ಅಂಜೋ ಮಂದಿ ನಾವಲ್ಲ, ಬಾಜೂಕ ಸರೀರಿ...

ಅಲ್ಲಿಗೆ ನಿಂತೆ. ಹೆಸರು ಹೇಳಲಿಲ್ಲ.

ಹೋ ಎಂದು ನಕ್ಕರು. "ಅಯ್ಯ, ಈ ವಯಸ್ಸಿಗೆ ನಾಚಿಕಿ ಬಂತಲ್ಲವಾ ನಮ್ಮ ದಾಕ್ಷಾಯಿಣಿಗೆ!" ಎಂದು ಗೌರಕ್ಕ ಗಲ್ಲ ಹಿಂಡಿದರು. ಮೂಲೆಯಲ್ಲಿ ಕೂತಿದ್ದ ಶಿವಲಿಂಗವ್ವ ಎಂಬ ಮುದುಕಿ, "ನಾಚಿಕಿ ಅಲ್ಲ ತಗೀ, ಗಂಡನ ಮ್ಯಾಲಿನ ಸಿಟ್ಟು. ನಾ ನೋಡಿಲ್ಲೇನು ಇಂಥಾವು?" ಎಂದಳು. ಮತ್ತೂ ನಕ್ಕರು. ಆ ಗದ್ದಲದಲ್ಲಿ ಆರತಿ ತಾಟು ನನ್ನ ಬಲಗೈಯಿಂದ ಜಾರಿ ಬಿತ್ತು. ಕೈಗೆ ಎಣ್ಣೆ ಹತ್ತಿತ್ತು.

ಅಧಿಕೃತ ಹೇಳಿಕೆ ಇಷ್ಟೇ: ನಾನು ಬೇಕೆಂದೇ ಹೇಳಲಿಲ್ಲ. ಮುಂಜಾನೆ ಹೊರಡುವಾಗ ಮನೆಯವರು, "ಇವತ್ತರೆ ನನ್ನ ಹೆಸರು ಮಂದ್ಯಾಗ ಎಳದ್ಯಾಡಬ್ಯಾಡ ಮಾರಾಯ್ತಿ. ಬೀಗರು ಬಂದಿರ್ತಾರ, ನಗ್ತಾರ" ಎಂದಿದ್ದರು. ಸರಿ, ಎಳೆದಾಡಲಿಲ್ಲ. ಆದರೂ ನಕ್ಕರು. ಅದಕ್ಕೆ ನಾನು ಜವಾಬ್ದಾರಳಲ್ಲ.

ವಂದನಾರ್ಪಣೆಯನ್ನು ಹಲ್ಲಿಯವರು ನೆರವೇರಿಸಿಕೊಡಬೇಕಾಗಿ ವಿನಂತಿ.

ನವೆಂಬರ್ ೬, ಗುರುವಾರ

ಸಭಿಕರೇ, ಮನೆಯಲ್ಲಿ ಪಿತೂರಿಯ ವಾಸನೆ.

ನಾನು ಏಳುವ ಮೊದಲೇ ಮನೆಯವರು ಚಹಾ ಮಾಡಿಟ್ಟಿದ್ದರು. ಗಂಡ ತಾನಾಗಿ ಚಹಾ ಮಾಡಿದನೆಂದರೆ ಒಂದೋ ತಪ್ಪು ಮಾಡಿದ್ದಾನೆ, ಇಲ್ಲವೇ ಮಾಡಲಿದ್ದಾನೆ. ಅಮರಗೋಳದ ಹತ್ತಿ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡುವ ಮನುಷ್ಯ; ಅರಳೆಯನ್ನು ನೋಡುವ ಹಾಗೆ ನನ್ನ ಕೈಯನ್ನೇ ನೋಡುತ್ತ ಕೂತರು.

"ಕಪ್ಪು ಎಡಗೈಲೆ ಯಾಕ ಹಿಡದಿ?"

"ಬಲಗೈಗೆ ರಜಾ ಕೊಟ್ಟೇನಿ."

"ಅವತ್ತ ಆರತಿ ತಾಟು ಯಾಕ ಬಿತ್ತು?"

"ಭೂಮಿಗೆ ಎಳಿಯೋ ಶಕ್ತಿ ಐತಿ. ಸಾಲ್ಯಾಗ ಕಲ್ತಿಲ್ಲೇನ್ರಿ?"

ನಗಲಿಲ್ಲ. ಸಂಜೆ ಬಟ್ಟೆ ತೆಗೆಯಲು ಮಾಳಿಗೆಗೆ ಹೋದರೆ ಫೋನಿನಲ್ಲಿ ಮಾತಾಡುತ್ತಿದ್ದರು: "ಹೂಂ ಅಕ್ಕ... ಆಕಿಗೆ ಮಾತ್ರ ಹೇಳಬ್ಯಾಡ." ನನ್ನನ್ನು ಕಂಡು, "ಹತ್ತಿ ರೇಟು ಕೇಳಾಕತ್ತಿದ್ದೆ" ಎಂದರು. ಗೌರಕ್ಕ ಯಾವತ್ತಿನಿಂದ ಹತ್ತಿ ವ್ಯಾಪಾರ ಶುರು ಮಾಡಿದರೋ!

ಅಂಗಡಿಯಲ್ಲಿ ಕೆಲಸ ಚೆನ್ನಾಗಿಯೇ ಆಯಿತು. ನವಲೂರಿನ ಹುಡುಗಿಗೆ ಒಡಪು ಬೇಕಿತ್ತು, ವರನ ಹೆಸರು ಕುಮಾರಸ್ವಾಮಿ. ನಿಂತ ನಿಲುವಿನಲ್ಲಿ ಕೊಟ್ಟೆ:

ಅಮರಗೋಳದ ಗುಡಿಗೆ ಹೋಗಿ ಹಚ್ಚೇನಿ ದೀಪ,
ಕುಮಾರಸ್ವಾಮಿರಾಯರಿಗೆ ಬರದಿರಲಿ ಕೋಪ.

ಹುಡುಗಿ ಕುಣಿಯುತ್ತ ಹೋದಳು. ಬಾಯಿ ಸರಿಯಾಗಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನವೆಂಬರ್ ೭, ಶುಕ್ರವಾರ

ಓಣಿಯ ಡಾಕ್ಟರಿಗೆ ಬಿಪಿ ತೋರಿಸಿಕೊಂಡು ಬರೋಣ ಎಂದು ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋದರು. ಅಲ್ಲಿ ಬಿಪಿಯ ಮುಳ್ಳು ಸ್ವಲ್ಪ ಉತ್ಸಾಹ ತೋರಿಸಿದ್ದೇ ನೆಪವಾಗಿ ನಮ್ಮನ್ನು ವಿದ್ಯಾನಗರದ ನರರೋಗ ಡಾಕ್ಟರಿಗೆ ದಾಟಿಸಿದರು. ಒಬ್ಬರ ಚೀಟಿ, ಇನ್ನೊಬ್ಬರ ಭೇಟಿ. ನಡುವೆ ನನ್ನ ಪಜೀತಿ.

ವಿದ್ಯಾನಗರದ ಡಾಕ್ಟರ್ ಮಯೂರಿ ನನಗಿಂತ ಸಣ್ಣವರು, ನಗುವುದೇ ಇಲ್ಲ. ಹಲ್ಲು ತೋರಿಸಿ ಎಂದರು, ಕಣ್ಣು ಮುಚ್ಚಿ ಎರಡೂ ಕೈ ಚಾಚಿ ಎಂದರು. ಪೆನ್ನು ಎತ್ತಿ ಇದೇನು ಎಂದರು, ಕೈಗಡಿಯಾರ ತೋರಿಸಿ ಇದೇನು ಎಂದರು. ಬಾಲವಾಡಿ ಪರೀಕ್ಷೆ. ಎಲ್ಲದರಲ್ಲೂ ಪಾಸಾದೆ. ಆಮೇಲೆ, ಕುಬಸದ ಕಥೆಯನ್ನು ಮನೆಯವರಿಂದ ಮೊದಲೇ ಕೇಳಿದ್ದವರು, ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಅವತ್ತ ಹೆಸರು ಗೊತ್ತಿದ್ದು ನೀವಾ ಹೇಳಲಿಲ್ಲೋ, ಇಲ್ಲಾ ಹೇಳಬೇಕಂದ್ರೂ ಬರಲಿಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಮನೆಯವರು, "ಆಕಿದೇನೂ ಇಲ್ಲ್ರಿ ಡಾಕ್ಟ್ರ. ನಾನಾ ಮುಂಜಾನೆ ಏನೋ ಅಂದುಬಿಟ್ಟಿದ್ದೆ. ಸಿಟ್ಟಿಲೆ ಹೇಳಲಿಲ್ಲ. ತಪ್ಪು ನಂದ್ರಿ" ಎಂದರು.

"ನಾ ಅವರನ್ನ ಕೇಳಾಕತ್ತೇನ್ರಿ."

"ನಾಚಿಕಿ ಬಂತ್ರಿ" ಎಂದೆ.

ಅವರದು ಸಿಟ್ಟು, ನನ್ನದು ನಾಚಿಕೆ. ಒಟ್ಟಿಗೆ ಬಂದ ಸಾಕ್ಷಿಗಳು ಮೊದಲೇ ಮಾತಾಡಿಕೊಂಡು ಬರಬೇಕಿತ್ತು. ಡಾಕ್ಟರ್ ಪೆನ್ನು ಎತ್ತಿದವರು ಏನನ್ನೂ ಬರೆಯದೆ ಕೆಳಗಿಟ್ಟರು. ರಕ್ತ ತೆಳುವಾಗಲು ಒಂದು ಗುಳಿಗೆ, ಕೊಬ್ಬಿಗೆ ಇನ್ನೊಂದು ಗುಳಿಗೆ ಕೊಟ್ಟು, ಸೋಮವಾರ ತಲೆಯ ಎಂ.ಆರ್.ಐ. ಮಾಡಿಸಿ ಎಂದರು. ಮಾತು ತೊದಲಿದರೆ, ಕೈ ಸೋತರೆ ಒಂದು ನಿಮಿಷವೂ ಕಾಯದೆ ಬರಬೇಕಂತೆ. ತಾಟು ಬಿದ್ದದ್ದಕ್ಕೆ ತಲೆಯ ಚಿತ್ರ! ಇವರಿಗೂ ಆ ಯಂತ್ರಕ್ಕೂ ಏನು ನೆಂಟಸ್ತನವಿದೆಯೋ, ಪತ್ತೆ ಹಚ್ಚಬೇಕು.

ನವೆಂಬರ್ ೧೦, ಸೋಮವಾರ

ಎಂ.ಆರ್.ಐ. ಆಯಿತು. ಬಳೆ, ಬೆಂಡೋಲೆ, ಕೊರಳ ಲಿಂಗದ ಕರಡಿಗೆ, ತಾಳಿ ಎಲ್ಲ ತೆಗೆಸಿದರು. ನನ್ನ ತಾಳಿಯನ್ನು ಮನೆಯವರು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಯಾರಾದರೂ ಕಸಿದುಕೊಂಡಾರು ಎಂಬಂತೆ ಮೇಲೆ ಕೈ ಒತ್ತಿ ಹಿಡಿದು ಕೂತಿದ್ದರು. ಇದೂ ಸಂಶಯಾಸ್ಪದವೇ.

ಯಂತ್ರ ನಡೆಸುವ ಅಲ್ಲಾವುದ್ದೀನ, "ಅಲಗ್ಯಾಡಬ್ಯಾಡ್ರಿ ಅಕ್ಕಾರ, ಚಿತ್ರ ಕೆಡತೈತಿ" ಎಂದ. ಒಳಗೆ ಹಳೆಯ ಅಚ್ಚಿನ ಯಂತ್ರದ ಸದ್ದು. ನಾನು ಕಣ್ಣು ಮುಚ್ಚಿ ಮಲಗಿ ಮನೆಯವರ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಮತ್ತೆ ಹೇಳಿಕೊಂಡೆ. ಪ್ರತಿಸಲ ಬಂತು. ಪರೀಕ್ಷೆಗಾಗಿ ಅಲ್ಲ, ಸುಮ್ಮನೆ.

ನವೆಂಬರ್ ೧೧, ಮಂಗಳವಾರ

ಸಭಿಕರೇ, ವರದಿ ಬಂದಿದೆ. ಮೆದುಳಿಗೆ ಹೊಸ ಗಾಯವಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ಪೇಡಾ ಹಂಚುತ್ತಿದ್ದೆ.

ಡಾಕ್ಟರ್ ಮಯೂರಿ ಪರದೆಯ ಮೇಲೆ ಒಂದು ಚಿತ್ರ ತೆರೆದರು. ಕಪ್ಪು ಬಯಲಿನಲ್ಲಿ ಬಿಳಿ ಬೇರು ಹರಡಿದಂತಿದೆ. ಎಡಗಡೆ ಒಂದು ಬೇರು ಹೋಗುತ್ತ ಹೋಗುತ್ತ ನಡುವೆ ಮಾಯವಾಗಿ, ಮುಂದೆ ಮತ್ತೆ ಕಾಣುತ್ತದೆ.

"ಇಲ್ಲಿ ರಕ್ತನಾಳ ಸಣ್ಣಾಗೈತ್ರಿ. ಗೋಡಿಗೆ ಒಳಗಿಂದ ಕೊಬ್ಬು ಕಟ್ಟೈತಿ. ಮಾತಿನ ಜಾಗಾಕ್ಕ, ಬಲಗೈ ನಡಸೋ ಜಾಗಾಕ್ಕ ರಕ್ತ ಹೋಗೋದು ಇದರಾಗಿಂದಾನ. ನಳದಾಗ ಸುಣ್ಣ ಕಟ್ಟಿದಂಗ ಅಂತ ತಿಳೀರಿ."

"ನಮ್ಮ ಓಣ್ಯಾಗ ನಳ ಛಲೋ ಅಗಲ ಐತ್ರಿ. ನೀರ ಬರಂಗಿಲ್ಲ."

ಮೊದಲ ಸಲ ಅವರ ತುಟಿ ಅಲುಗಿತು. ಆದರೆ ಬಿಡಲಿಲ್ಲ. ಈ ಎಂ.ಆರ್. ಚಿತ್ರ ಹರಿಯುವ ರಕ್ತವನ್ನು ನೋಡುತ್ತದಂತೆ, ನಾಳದ ಗೋಡೆಯನ್ನಲ್ಲ. ಹರಿವು ಕೆಟ್ಟ ಕಡೆ, ಇದ್ದದ್ದಕ್ಕಿಂತ ಹೆಚ್ಚು ಸಣ್ಣದಾಗಿ ತೋರಿಸುವುದೂ ಉಂಟಂತೆ. ಅದಕ್ಕೆ ಕೈನರಕ್ಕೆ ಔಷಧ ಬಿಟ್ಟು ಸಿ.ಟಿ. ಆಂಜಿಯೋ ಎಂಬ ಇನ್ನೊಂದು ಚಿತ್ರ ತೆಗೆಯಬೇಕಂತೆ. ನೋಡಿ, ಇಲ್ಲಿ ಹಿಡಿದೆ ನಾನು! ಇದ್ದದ್ದಕ್ಕಿಂತ ಹೆಚ್ಚು ತೋರಿಸುವವರನ್ನು ನಮ್ಮ ಮನೆಯವರ ಅಂಗಡಿಯಲ್ಲಿ ತಕ್ಕಡಿ ಮುಟ್ಟಲು ಬಿಡುವುದಿಲ್ಲ. ಒಂದು ಯಂತ್ರದ ಮಾತನ್ನು ಇನ್ನೊಂದು ಯಂತ್ರ ನಂಬುವುದಿಲ್ಲ. ಎರಡನ್ನೂ ನಾನು ನಂಬಬೇಕು.

"ಮತ್ತ ಅದಾ ಕೇಳ್ತೇನ್ರಿ" ಎಂದರು ಡಾಕ್ಟರ್. "ನಾಳ ಸಣ್ಣಾಗೈತಿ ಅನ್ನೋದಷ್ಟಾ ಸಾಲಂಗಿಲ್ಲ. ಅದು ಒಮ್ಮಿ ಎಚ್ಚರಿಕಿ ಕೊಟ್ಟೈತೋ ಇಲ್ಲೋ, ಅದು ಬೇಕು. ಕೊಟ್ಟಿದ್ರ ಮುಂದಿನ ವಾರಗಳು ಭಾಳ ಅಪಾಯದವು. ದೊಡ್ಡ ಹೊಡ್ತ ಬಿದ್ದು ಮಾತು ಪೂರಾ ಹೋಗಬಹುದು. ಅದನ್ನ ತಡ್ಯಾಕ ರಕ್ತ ತೆಳ್ಳಗಾಗೋ ಗುಳಿಗಿ ಎರಡು ಕೂಡಿಸಿ ಕೊಡಬೇಕಾಗತೈತಿ. ಎರಡು ಕೂಡಿದ್ರ ರಕ್ತ ಸೋರೋ ಅಂಜಿಕಿ. ಎಚ್ಚರಿಕಿ ಬಂದಿಲ್ಲಂದ್ರ ಒಂದಾ ಸಾಕು. ಬರೇ ಕೈಯಿಂದ ತಾಟು ಬಿದ್ದದ್ದು ಕುತ್ತಿಗಿ ನರದಿಂದಾನೂ ಇರಬಹುದು. ಮಾತು ಹೋಗಿತ್ತೋ ಇಲ್ಲೋ, ನೀವಾ ಹೇಳಬೇಕು. ಯಂತ್ರಕ್ಕ ನಾಳ ಕಾಣ್ತೈತ್ರಿ, ನಾಚಿಕಿ ಕಾಣಂಗಿಲ್ಲ."

ಮನೆಯವರು ನೆಲ ನೋಡುತ್ತ, "ಸಿಟ್ಟು ಮಾಡಿಕೊಂಡಿದ್ಲ್ರಿ" ಎಂದರು.

ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮುದ್ರಣದೋಷ ಹುಡುಕಿದೆ. ಎರಡು ಸಿಕ್ಕವು.

ನವೆಂಬರ್ ೧೩, ಗುರುವಾರ

ಮನೆಯವರು ಎರಡು ದಿನದಿಂದ ಬಾಲ್ಕನಿಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನಿನಲ್ಲಿ ಏನೋ ನೋಡುತ್ತಾರೆ. ನಾನು ಹೋದರೆ ಮಗುಚಿ ಇಡುತ್ತಾರೆ. ಈ ವಯಸ್ಸಿನಲ್ಲಿ ಮಗುಚಿಟ್ಟ ಫೋನಿಗೆ ಅರ್ಥ ಒಂದೇ ಎಂದು ನಮ್ಮ ಅಂಗಡಿಯ ಶಹಜಹಾನಬೇಗಂ ಹೇಳುತ್ತಿರುತ್ತಾಳೆ. ಅವರು ಸ್ನಾನಕ್ಕೆ ಹೋದಾಗ ತೆಗೆದು ನೋಡಿದೆ.

ಕುಬಸದ ವಿಡಿಯೋ. ಉಮಾಶ್ರೀ ಕಳಿಸಿದ್ದು.

ಅದರಲ್ಲಿ ಒಬ್ಬ ಹೆಂಗಸು ಆರತಿ ತಾಟು ಹಿಡಿದು ಠೀವಿಯಿಂದ ಒಡಪು ಶುರು ಮಾಡುತ್ತಾಳೆ. 'ಬಾಜೂಕ ಸರೀರಿ' ಎಂದ ಮೇಲೆ ತುಟಿ ಅಲುಗುತ್ತದೆ, ಸದ್ದಿಲ್ಲ. ಮತ್ತೆ ಅಲುಗುತ್ತದೆ. ಮಂದಿ ನಗುತ್ತಾರೆ. ಅವಳೂ ನಗುತ್ತಾಳೆ. ಬಲಗಡೆಯ ತುಟಿ ಸ್ವಲ್ಪ ಜೋತಂತೆ ಕಾಣುತ್ತದೆ. ಕಿಟಕಿಯ ಬೆಳಕಿನ ದೋಷವಿರಬೇಕು. ನಟನೆ ಚೆನ್ನಾಗಿದೆ.

ಆದರೆ ನಾನು ನೋಡಬಾರದಿದ್ದದ್ದು ಅವಳ ಹಿಂದಿದೆ. ಪಡಸಾಲೆಯ ಬಾಗಿಲಲ್ಲಿ ಗಂಡಸರ ನಡುವೆ ಮನೆಯವರು ನಿಂತಿದ್ದಾರೆ. ಹೆಸರು ಎಳೆದಾಡಬೇಡ ಎಂದವರು ಕತ್ತು ಮುಂದೆ ಚಾಚಿ, ತುಟಿಯ ಕೊನೆಯಲ್ಲಿ ನಗು ಹಿಡಿದುಕೊಂಡು ಕಾಯುತ್ತಿದ್ದಾರೆ. ಪಕ್ಕದವನನ್ನು ಮೊಣಕೈಯಿಂದ ತಿವಿದು, ಕೇಳು ಎಂಬಂತೆ ಸನ್ನೆ ಮಾಡುತ್ತಾರೆ. ಹೆಸರು ಬರುವುದಿಲ್ಲ. ಎಲ್ಲರೂ ನಗುತ್ತಾರೆ, ಅವರು ನಗುವುದಿಲ್ಲ. ಕತ್ತು ಹಿಂದಕ್ಕೆ ಹೋಗುತ್ತದೆ.

ಫೋನು ಇದ್ದ ಹಾಗೆಯೇ ಮಗುಚಿ ಇಟ್ಟೆ.

ನವೆಂಬರ್ ೧೫, ಶನಿವಾರ

ನವಲೂರಿನ ಹುಡುಗಿ ಮತ್ತೆ ಬಂದಿದ್ದಳು. ಮನೆ ತುಂಬಿಸಿಕೊಳ್ಳುವಾಗ ಹೇಳಲು ಇನ್ನೊಂದು ಒಡಪು ಬೇಕಂತೆ. 'ಉಣಕಲ್ ಕೆರಿ ದಂಡ್ಯಾಗ ಹಾರ್ಯಾವ ಕೊಕ್ಕರಿ' ಎಂದು ಶುರು ಮಾಡಿದೆ. ಮುಂದಿನದು ಹೊಂದಲಿಲ್ಲ. ಕುಮಾರಸ್ವಾಮಿ ಎಂಬುದು ಒಡಪಿಗೆ ಒಗ್ಗದ ಹೆಸರು. ಸೋಮವಾರ ಬಾ ಎಂದೆ.

"ಅಕ್ಕಾರ, ಹೋದ ವಾರ ಲಗೂನ ಹೇಳಿದ್ರೆಲ್ಲ?" ಎಂದಳು. ಈಗಿನ ಹುಡುಗಿಯರಿಗೆ ತಾಳ್ಮೆ ಇಲ್ಲ.

ಶಹಜಹಾನಬೇಗಂ ಊಟದ ಡಬ್ಬಿ ತೆರೆದು ಬಡಿಸು ಎಂದಳು. ಆ ಸಾರು ಬಡಿಸುವುದು, ಉದ್ದನೆಯದು, ಹಿಡಿಕೆ ಇರುವುದು, ಅದನ್ನು ಕೊಡು ಎಂದೆ. ಅವಳು ನನ್ನ ಮುಖ ನೋಡಿದಳು. "ಸೌಟು ಅನ್ನಾಕ ಇಷ್ಟು ಪುರಾಣ ಯಾಕವಾ?" ಎಂದಳು. ಚೇಷ್ಟೆ ಮಾಡಿದೆ ಎಂದೆ.

ಮನೆಯಲ್ಲಿ ಹೇಳಲಿಲ್ಲ. ಹೇಳುವಂಥದ್ದಲ್ಲ.

ನವೆಂಬರ್ ೧೮, ಮಂಗಳವಾರ

ಮುಂಜಾನೆ ಸಿ.ಟಿ. ಆಂಜಿಯೋ. ಮೂತ್ರಪಿಂಡಕ್ಕೆ ಆ ಔಷಧ ತಡೆಯುತ್ತದೋ ಇಲ್ಲವೋ ಎಂದು ಮೊದಲೇ ರಕ್ತ ನೋಡಿದ್ದರು. ಔಷಧ ಬಿಟ್ಟಾಗ ಗಂಟಲಿಂದ ಕೆಳಗೆ ಬಿಸಿ ಇಳಿದುಹೋಯಿತು. ಕ್ಷಣದಲ್ಲಿ ಮುಗಿಯಿತು.

ಎರಡು ಯಂತ್ರಗಳೂ ಒಂದೇ ಮಾತು ಹೇಳಿವೆ. ನಾಳ ಅದೇ ಜಾಗದಲ್ಲಿ, ಅರ್ಧಕ್ಕಿಂತ ಹೆಚ್ಚು ಸಣ್ಣದಾಗಿದೆ. ಯಂತ್ರಗಳು ಸುಳ್ಳು ಹೇಳಿದ್ದರೆ ಹೀಗೆ ಒಪ್ಪುತ್ತಿರಲಿಲ್ಲ. ನಮ್ಮಿಬ್ಬರ ಹಾಗೆ ಬೇರೆ ಬೇರೆ ಹೇಳುತ್ತಿದ್ದವು. ನಾಳೆ ಮುಂಜಾನೆ ಡಾಕ್ಟರ್ ಗುಳಿಗೆ ನಿರ್ಧಾರ ಮಾಡುತ್ತಾರೆ. ಕೊನೆಯ ಸಲ ಕೇಳುತ್ತೇನೆ ಎಂದಿದ್ದಾರೆ.

ಮಧ್ಯಾಹ್ನ ಗೌರಕ್ಕನ ಫೋನು.

"ದಾಕ್ಷಾಯಿಣಿ, ನಿನಗ ಹೇಳಬ್ಯಾಡ ಅಂದಾನ, ಆದ್ರೂ ಹೇಳ್ತೇನಿ. ತಮ್ಮ ಸರೀಗಿ ಊಟಾ ಮಾಡವಲ್ಲ. 'ಹೆಸರು ಎಳದ್ಯಾಡಬ್ಯಾಡ ಅಂತ ನಾನಾ ಅಂದೆ ಅಕ್ಕ, ಆಕಿ ಬಾಯಿ ಕಟ್ಟಿಗೊಂಡ್ಲು. ಇನ್ನ ಮ್ಯಾಲೆ ನನ್ನ ಹೆಸರು ಹೇಳಂಗಿಲ್ಲ ಅನಸ್ತೈತಿ' ಅಂತ ಅಳತಾನ. ಇಷ್ಟ್ಯಾಕ ಹಟಾ ಮಾಡ್ತಿಯವಾ? ಮನ್ಯಾಗ, ಅವನ ಮುಂದರೆ ಒಮ್ಮಿ ಒಡಪು ಹೇಳಿಬಿಡಲ್ಲ."

"ಹೂಂ" ಎಂದೆ.

"ಬರೇ ಹೂಂ ಅಲ್ಲ. ಆಣಿ ಮಾಡು."

"ಹೂಂ."

ನಾನು ಇಷ್ಟು ದಿನ ಸಂಶಯಪಟ್ಟ ಪಿತೂರಿ ಇದು. ಅವರನ್ನು ಸಂಶಯಿಸಿದೆ, ಡಾಕ್ಟರನ್ನು ಸಂಶಯಿಸಿದೆ, ಎರಡು ಯಂತ್ರಗಳನ್ನು ಸಂಶಯಿಸಿದೆ. ಇನ್ನು ಉಳಿದವಳು ಒಬ್ಬಳು.

ಸಂಜೆ ಅವರು ಚಹಾ ತಂದಿಟ್ಟರು. ಒಡಪು ಕಟ್ಟಲು ಕೂತೆ. ಹೇಳಲಿಲ್ಲ. ಮೊದಲ ಸಾಲು ಸಿದ್ಧವಿತ್ತು. ಕೊನೆಯ ಪದಕ್ಕೆ ಹೋಗಲು ಧೈರ್ಯ ಬರಲಿಲ್ಲ.

ನವೆಂಬರ್ ೧೯, ಬುಧವಾರ, ಮುಂಜಾನೆ

ಕೆಳಗೆ ಸ್ಕೂಟರ್ ಚಾಲೂ ಆಗಿದೆ. "ಬರ್ತಿಯೇನ?" ಎಂದು ಕೂಗಿದರು. ಬಂದೆ ಎಂದೆ.

ಡಾಕ್ಟರ್ ಇವತ್ತು ಕೇಳುತ್ತಾರೆ. ಮನೆಯವರು ಮತ್ತೆ ತಪ್ಪು ನಂದ್ರಿ ಎನ್ನುತ್ತಾರೆ. ನಾನು ಕ್ಯಾಲೆಂಡರ್ ನೋಡಿದರೆ ಡಾಕ್ಟರ್ ಅದನ್ನೇ ಬರೆದುಕೊಂಡು ಒಂದೇ ಗುಳಿಗೆ ಸಾಕು ಎನ್ನುತ್ತಾರೆ.

ಫ್ರಿಜ್ಜಿನವರೇ, ಹಲ್ಲಿಯವರೇ, ಸಭೆ ಮುಗಿಯಿತು. ಏಳಿ.

ಕುಬಸದ ದಿನ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಬರಲಿಲ್ಲ. ಪದ್ಯ ತಾನಾಗಿ ಬಂತು, ಹೆಸರಿನ ಜಾಗಕ್ಕೆ ಬಂದಾಗ ಅಲ್ಲಿ ಏನೂ ಇರಲಿಲ್ಲ. ಅವರು ಬಾಗಿಲಲ್ಲೇ ನಿಂತಿದ್ದರು. ನನ್ನ ಗಂಡ ಎಂದು ಗೊತ್ತಿತ್ತು, ಅವರ ಅಂಗಿಯ ಮೇಲಿನ ಗುಂಡಿ ಮುಂಜಾನೆ ನಾನೇ ಹೊಲಿದದ್ದು ಎಂದೂ ಗೊತ್ತಿತ್ತು. ಹ್ಯಾಗೆ ಕರೆಯುವುದು ಗೊತ್ತಿರಲಿಲ್ಲ. ಕೈಗೆ ಎಣ್ಣೆ ಹತ್ತಿರಲಿಲ್ಲ. ಶನಿವಾರ ಸೌಟು ಎನ್ನಲು ಬಾರದಿದ್ದದ್ದೂ ಚೇಷ್ಟೆಯಲ್ಲ. ನನಗೆ ಹೆದರಿಕೆಯಾಗಿದೆ.

ಡಾಕ್ಟರಿಗಿಂತ ಮೊದಲು ಅವರಿಗೆ ಹೇಳಬೇಕು, ಸ್ಕೂಟರ್ ಹತ್ತುವ ಮುಂಚೆ.

ಈಗ ಹೆಸರು ಬರುತ್ತಿದೆ. ಬರುತ್ತಿರುವಾಗಲೇ ಬರೆದಿಡುತ್ತೇನೆ, ಒಡಪಿಲ್ಲದೆ.

ಶಿವಯೋಗೀಶ.